ಫೋರ್ಟಿನ ಪ್ರಯೋಗಶಾಲೆಯಲ್ಲಿ ನಮ್ಮ ಅವರೆಕಾಳು

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರನ್ನೂ ಚಾಲುಕ್ಯರನ್ನೂ ಪಂಪ ಕುಮಾರವ್ಯಾಸರನ್ನೂ ನೆನೆಯುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಉಚಿತವಾದುದೇ ಸರಿ. ಆದರೆ ಹೊಟ್ಟೆಪಾಡಿಗಾಗಿ ತೌರುನಾಡನ್ನು ಬಿಟ್ಟು ಈ ಮುಂಬಯಿಗೆ ಬಂದು ನೆಲೆಸಿದ ನಾವು, ಹೊಟ್ಟೆಗೆ ತಿನ್ನುವ ಅನ್ನದ ಗುಣವನ್ನು ಪರೀಕ್ಷಿಸಿ ಹೇಳಿದವರನ್ನೂ ವರ್ಷಕ್ಕೊಮ್ಮೆ ನೆನೆಯುವುದು ಧರ್ಮವಲ್ಲವೇ? ಈ ವರ್ಷ ಅಂಥ ಒಬ್ಬ ವಿದುಷಿಯ ವಿಚಾರವನ್ನು ವಾಚಕರ ಮುಂದಿಡಬೇಕೆಂದು ಬಯಸುತ್ತೇನೆ. ಅವರು ಕನ್ನಡಿಗರಲ್ಲ, ಮಹಾರಾಷ್ಟ್ರದ ಮನೆತನದವರು. ಆದರೂ ಅವರ ವಿದ್ಯೆಗೆ ಬೆಂಗಳೂರಿನ ಋಣವಿದೆ. ಬೆಂಗಳೂರಿಗೆ ಅವರ ವಿಷಯದಲ್ಲಿ ಒಂದು ತಪ್ಪಿನ ಋಣವೂ ಇದೆ. ಅವರೇ ಡಾ॥ ಕಮಲಾ ಸೊಹೋನಿ.

ನಮ್ಮಲ್ಲಿ ಅನೇಕರಿಗೆ ಮುಂಬಯಿ ಎಂದರೆ ಮೊದಲು ಫೋರ್ಟ್. ಊರಿನಿಂದ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತಟ್ಟೆ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗೆ ಹೋಗಿ, ಕೆಲವರು ಮುಂದೆ ವಕೀಲರೂ ಬ್ಯಾಂಕಿನ ಅಧಿಕಾರಿಗಳೂ ಆದದ್ದು ಇಲ್ಲಿಯೇ. ಈ ಪೇಟೆಗೆ ಫೋರ್ಟ್ ಎಂಬ ಹೆಸರಿದ್ದರೂ ಕೋಟೆ ಮಾತ್ರ ಇಲ್ಲ. ೧೮೬೦ರ ದಶಕದಲ್ಲಿ, ಬಾರ್ಟಲ್ ಫ್ರಿಯರ್ ಗವರ್ನರರಾಗಿದ್ದಾಗ, ಅದರ ಗೋಡೆಗಳನ್ನು ಕೆಡವಿಸಿದರು. ಗೋಡೆ ಹೋದರೂ ಬಾಗಿಲುಗಳ ಹೆಸರು ಉಳಿಯಿತು: ಚರ್ಚ್‌ಗೇಟ್, ಬಜಾರ್‌ಗೇಟ್. ಕಮಲಾಬಾಯಿಯವರ ಜೀವನಚರಿತ್ರೆಯನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಬಾಗಿಲುಗಳೇ.

ರೀಗಲ್ ಚಿತ್ರಮಂದಿರದ ವೃತ್ತದಿಂದ ಮೇಡಮ್ ಕಾಮಾ ರಸ್ತೆಯತ್ತ ನಡೆದರೆ ಹಳದಿ ಬಣ್ಣದ ಕಲ್ಲಿನ ಭವ್ಯವಾದ ಕಟ್ಟಡವೊಂದು ಕಾಣಿಸುತ್ತದೆ. ಅದೇ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಹಿಂದೆ ಇದಕ್ಕೆ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಎಂದು ಹೆಸರಿತ್ತು. ಗೇಟ್‌ವೇ ಆಫ್ ಇಂಡಿಯಾವನ್ನು ರಚಿಸಿದ ಜಾರ್ಜ್ ವಿಟೆಟ್ ಎಂಬ ವಾಸ್ತುಶಿಲ್ಪಿಯೇ ಇದನ್ನೂ ರಚಿಸಿದನು. ೧೯೧೧ರಲ್ಲಿ ಅಸ್ತಿವಾರ ಬಿದ್ದು, ೧೯೨೦ರಲ್ಲಿ ಸಂಸ್ಥೆ ಆರಂಭವಾಯಿತು. ಅದೇ ೧೯೧೧ರಲ್ಲಿ ಇಂದೂರಿನಲ್ಲಿ ಭಾಗವತರ ಮನೆಯಲ್ಲಿ ಕಮಲಾ ಹುಟ್ಟಿದರು. ಬೆಂಗಳೂರಿನಲ್ಲಿ ಜಮಶೇಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಅರಸರು ಕೊಟ್ಟ ಭೂಮಿಯಿಂದಲೂ ೧೯೦೯ರಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರವು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದೂ ಅದೇ ವರ್ಷ.

ಕಮಲಾ ಅವರ ತಂದೆ ನಾರಾಯಣರಾವ್ ಭಾಗವತರೂ ಚಿಕ್ಕಪ್ಪ ಮಾಧವರಾವ್ ಭಾಗವತರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಆ ಟಾಟಾ ಮಂದಿರದಲ್ಲಿಯೇ ಓದಿದವರು. ಆದುದರಿಂದ ಮನೆಯ ಮಾತಿನಲ್ಲಿ ಬೆಂಗಳೂರು ವಿದ್ಯೆಯ ತೀರ್ಥಕ್ಷೇತ್ರವಾಗಿತ್ತೆಂದು ಊಹಿಸಬಹುದು. ೧೯೩೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಹುಡುಗಿ ಮುಂದಿನ ಓದಿಗೆ ಅಲ್ಲಿಗೇ ಅರ್ಜಿ ಹಾಕಿದಳು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದು ಲೋಕಕ್ಕೆಲ್ಲ ಭಾರತದ ಬುದ್ಧಿಯನ್ನು ತೋರಿದ ಮಹಾಪುರುಷರು. ಅವರಿಂದ ಬಂದ ಉತ್ತರ ಒಂದೇ: ಹೆಂಗಸೆಂಬ ಕಾರಣಕ್ಕೆ ಪ್ರವೇಶವಿಲ್ಲ.

ಹುಡುಗಿ ಅಳುತ್ತ ಮನೆಗೆ ಹಿಂದಿರುಗಲಿಲ್ಲ. ಅದು ಗಾಂಧೀಜಿಯವರ ಕಾಲ. ಬೆಂಗಳೂರಿಗೇ ಹೋಗಿ ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದಳು. ಕಡೆಗೆ ರಾಮನ್ನರು ಒಪ್ಪಿದರು. ಆದರೆ ಕರಾರುಗಳನ್ನು ಹಾಕಿದರು. ಮೊದಲ ವರ್ಷ ಸಕ್ರಮ ವಿದ್ಯಾರ್ಥಿಯೆಂದು ಎಣಿಸುವುದಿಲ್ಲ, ಕೆಲಸ ನೋಡಿ ಮುಂದೆ ಯೋಚನೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ದುಡಿಯಬೇಕು. ಪ್ರಯೋಗಶಾಲೆಯ ವಾತಾವರಣ ಕೆಡಿಸಬಾರದು. ಈ ಮೂರನೆಯ ಕರಾರಿನ ಅರ್ಥ ಯಾರಿಗೂ ತಿಳಿಯದ್ದೇನಲ್ಲ. ಗಂಡುಮಕ್ಕಳ ಚಿತ್ತ ಚಂಚಲವಾದರೆ ಆ ಅಪರಾಧ ಹೆಣ್ಣಿನದು ಎಂಬುದೇ ಅದು.

ಕಮಲಾ ಮೂರಕ್ಕೂ ತಲೆಬಾಗಿದರು. ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಅಭ್ಯಾಸಕ್ಕೆ ತೊಡಗಿದರು. ಶ್ರೀನಿವಾಸಯ್ಯನವರು ಶಿಸ್ತಿನವರಾದರೂ ಪಕ್ಷಪಾತವಿಲ್ಲದ ಗುರುಗಳು. ವರ್ಷ ಕಳೆಯುವುದರೊಳಗೆ ರಾಮನ್ನರು ಆಕೆಯ ಕೆಲಸವನ್ನು ಮೆಚ್ಚಿ, ಹೆಣ್ಣುಮಕ್ಕಳಿಗೆ ಅಲ್ಲಿ ಓದಲು ಅವಕಾಶ ಕೊಡಲೊಪ್ಪಿದರು. ೧೯೩೬ರಲ್ಲಿ ಕಮಲಾ ಎಂ.ಎಸ್‌ಸಿ. ಪದವಿಯನ್ನು ವಿಶೇಷ ಪ್ರಶಸ್ತಿಯೊಡನೆ ಪಡೆದರು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ರಾಮನ್ನರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರ ಹಿರಿಮೆಗೆ ನನ್ನ ಮಾತಿನಿಂದ ಕುಂದಾಗುವುದೂ ಇಲ್ಲ. ಆದರೆ ದೊಡ್ಡವರು ಮುಚ್ಚಿದ ಬಾಗಿಲನ್ನು ಮುಚ್ಚಿದ್ದೇ ಎಂದು ಹೇಳದಿದ್ದರೆ ಚರಿತ್ರೆ ಬರೆದಂತಾಗದು. ಸುಮಾರು ಆರು ದಶಕ ಕಳೆದ ಮೇಲೆ, ತಮ್ಮ ಸನ್ಮಾನದ ಸಭೆಯೊಂದರಲ್ಲಿಯೂ ಕಮಲಾಬಾಯಿಯವರು ಆ ಅವಮಾನವನ್ನು ಮರೆಯಲಾಗದೆಂದು ಹೇಳಿದರು. ಅಷ್ಟು ದೊಡ್ಡ ಮನುಷ್ಯರೇ ಹೀಗೆ ನಡೆದುಕೊಂಡರೆ ಉಳಿದವರಿಂದ ಏನನ್ನು ನಿರೀಕ್ಷಿಸುವುದು ಎಂಬುದು ಅವರ ಕೊರಗು. ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಇದು ಅರ್ಥವಾಗುವ ಮಾತು. ಹಗಲಿನ ಬಾಗಿಲು ಮುಚ್ಚಿದ್ದರಿಂದಲೇ ಅಲ್ಲವೇ ಅವರು ರಾತ್ರಿಯ ಬಾಗಿಲು ತಟ್ಟಿದ್ದು? ಬಾಗಿಲು ತಟ್ಟಿ ಒಳಹೊಕ್ಕವರ ಹೆಸರು ನಮಗೆ ಗೊತ್ತಾಗುತ್ತದೆ. ತಟ್ಟಿ ತಟ್ಟಿ ಬಳಲಿ ಹಿಂದಿರುಗಿದವರ ಹೆಸರನ್ನು ಯಾವ ಸಂಚಿಕೆಯೂ ಅಚ್ಚುಹಾಕುವುದಿಲ್ಲ.

ಮುಂದೆ ಕಮಲಾ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಜೀವಸತ್ತ್ವಗಳ ಶೋಧನೆಗಾಗಿ ೧೯೨೯ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದಿದ್ದ ಸರ್ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ಪ್ರಯೋಗಶಾಲೆ ಅದು. ಅಲ್ಲಿ ಡೆರಿಕ್ ರಿಕ್ಟರ್, ರಾಬಿನ್ ಹಿಲ್ ಎಂಬವರ ಜತೆಯಲ್ಲಿ ಕೆಲಸ ಮಾಡುತ್ತ, ಆಲೂಗಡ್ಡೆಯ ಜೀವಕೋಶಗಳಲ್ಲಿ ಸೈಟೋಕ್ರೋಮ್-ಸಿ ಎಂಬ ವಸ್ತುವನ್ನು ಗುರುತಿಸಿದರು. ಪ್ರಾಣಿಗಳ ಜೀವಕೋಶ ಉಸಿರಾಡಿ ಶಕ್ತಿ ಪಡೆಯಲು ನೆರವಾಗುವ ಈ ವಸ್ತು ಸಸ್ಯಗಳಲ್ಲಿಯೂ ಇದೆಯೆಂಬುದು ಆ ಕಾಲಕ್ಕೆ ದೊಡ್ಡ ಮಾತು. ನಾಲ್ವತ್ತೇ ಪುಟಗಳ ಪ್ರಬಂಧಕ್ಕೆ ೧೯೩೯ರಲ್ಲಿ ಪಿಎಚ್.ಡಿ. ದೊರೆಯಿತು. ಇದೇ ಸೈಟೋಕ್ರೋಮ್-ಸಿ ಜೀವಕೋಶದೊಳಗೆ ತನ್ನ ಸ್ಥಾನ ಬಿಟ್ಟು ಹೊರಬಂದರೆ ಆ ಕೋಶಕ್ಕೆ ಸಾಯುವ ಸಂಕೇತವಾಗುತ್ತದೆಂದು ೧೯೯೬ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಕ್ಯಾನ್ಸರಿನ ಕೋಶಗಳು ಈ ಸಾವಿನ ಸಂಕೇತದಿಂದ ಹೇಗೆ ತಪ್ಪಿಸಿಕೊಳ್ಳುತ್ತವೆಂಬುದು ಇಂದಿಗೂ ಸಂಶೋಧಕರ ಮುಖ್ಯ ಪ್ರಶ್ನೆಗಳಲ್ಲೊಂದು. ಒಂದು ಕಾಲದ ಶೋಧನೆ ಇನ್ನೊಂದು ಕಾಲದ ರೋಗಕ್ಕೆ ದೀಪ ಹಿಡಿಯುವುದು ಹೀಗೆ.

ವಿಲಾಯತಿಯಲ್ಲೇ ಉಳಿಯದೆ ಅವರು ೧೯೩೯ರಲ್ಲಿ ಸ್ವದೇಶಕ್ಕೆ ಮರಳಿದರು. ಮೊದಲು ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ಅನಂತರ ನೀಲಗಿರಿಯ ಕೂನೂರಿನ ಆಹಾರ ಸಂಶೋಧನಾಲಯದಲ್ಲಿ ಕೆಲಸ ಮಾಡಿದರು. ೧೯೪೭ರಲ್ಲಿ ಶ್ರೀ ಎಂ. ವಿ. ಸೊಹೋನಿಯವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಫೋರ್ಟಿನ ರಾಯಲ್ ಇನ್‌ಸ್ಟಿಟ್ಯೂಟಿನ ಜೀವರಸಾಯನ ವಿಭಾಗವನ್ನು ಸೇರಿದರು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೆಲ್ಲ ಮುಂಬಯಿ ಸರಕಾರಕ್ಕೇ ಸೇರಿದ್ದುವು. ಕರ್ನಾಟಕ ವಿಶ್ವವಿದ್ಯಾಲಯವು ಕೂಡ ೧೯೪೯ರಲ್ಲಿ ಮುಂಬಯಿಯಲ್ಲೇ ಆರಂಭವಾಗಿ ಅನಂತರ ಧಾರವಾಡಕ್ಕೆ ಹೋಯಿತು. ಎಂದರೆ ೧೯೫೬ರ ನವೆಂಬರ್ ಒಂದನೆಯ ತಾರೀಖಿನವರೆಗೆ ಫೋರ್ಟಿನ ಈ ಸರಕಾರೀ ಪ್ರಯೋಗಶಾಲೆ ಉತ್ತರ ಕರ್ನಾಟಕದ ಪ್ರಜೆಗಳದ್ದೂ ಆಗಿತ್ತು.

ಅಲ್ಲಿ ಕಮಲಾಬಾಯಿಯವರು ಎತ್ತಿಕೊಂಡ ಪ್ರಶ್ನೆ ಬಡವರ ಊಟದ ಪ್ರಶ್ನೆ. ಮಾಂಸ, ಮೊಟ್ಟೆ, ಹಾಲುಗಳನ್ನು ಬೇಕಾದಷ್ಟು ಕೊಳ್ಳಲಾರದ ಜನಕ್ಕೆ ಪ್ರೋಟೀನು ಒದಗುವುದು ಬೇಳೆಕಾಳುಗಳಿಂದ. ಅಕ್ಕಿಯಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟಿದ್ದರೆ ಬೇಳೆಕಾಳುಗಳಲ್ಲಿ ನೂರಕ್ಕೆ ೨೦ರಿಂದ ೨೫ರಷ್ಟಿರುತ್ತದೆ. ಆದರೆ ಇದ್ದುದೆಲ್ಲ ಮೈಗೆ ಹತ್ತುತ್ತದೆಯೇ? ೧೯೧೭ರಲ್ಲಿಯೇ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ಎಂಬವರು ಒಂದು ವಿಚಿತ್ರವನ್ನು ಕಂಡಿದ್ದರು. ಹಸಿಯ ಸೋಯಾಕಾಳು ತಿಂದ ಇಲಿಗಳು ಸರಿಯಾಗಿ ಬೆಳೆಯಲಿಲ್ಲ. ಬೇಯಿಸಿದ ಕಾಳು ತಿಂದವು ಬೆಳೆದುವು. ಮುಂದೆ ಕಾರಣ ಗೊತ್ತಾಯಿತು. ನಾವು ತಿಂದ ಪ್ರೋಟೀನನ್ನು ಕರುಳಿನಲ್ಲಿ ಕತ್ತರಿಸಿ ಜೀರ್ಣಿಸುವ ಟ್ರಿಪ್ಸಿನ್ ಎಂಬ ರಸವೊಂದುಂಟು. ಹಸಿಕಾಳಿನಲ್ಲಿರುವ ಒಂದು ಪದಾರ್ಥ ಈ ಟ್ರಿಪ್ಸಿನ್ನಿಗೆ ಬೀಗ ಹಾಕಿದಂತೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಕುನಿಟ್ಸ್ ಎಂಬ ವಿಜ್ಞಾನಿಯು ೧೯೪೫ರಲ್ಲಿ ಸೋಯಾಕಾಳಿನಿಂದ ಈ ತಡೆಕಾರಕವನ್ನು ಬೇರ್ಪಡಿಸಿ ಹರಳುಗಟ್ಟಿಸಿದನು.

ಆದರೆ ಸೋಯಾ ನಮ್ಮ ದೇಶದ ಸಾಮಾನ್ಯರ ಊಟವಲ್ಲ. ನಮ್ಮ ಕಾಳುಗಳ ಗತಿಯೇನು? ಕಮಲಾಬಾಯಿಯವರೂ ಅವರ ಶಿಷ್ಯರೂ ಭಾರತದ ಆಹಾರಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಲು ಹೊರಟರು. ೧೯೫೫ರಲ್ಲಿ ಅವರೂ ಕೆ. ಎಸ್. ಅಂಬೆಯವರೂ ಕೂಡಿ ಲಂಡನ್ನಿನ ಪ್ರಖ್ಯಾತ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಎರಡು ಕಾಳುಗಳಿಂದ ಟ್ರಿಪ್ಸಿನ್ನಿನ ತಡೆಕಾರಕವನ್ನು ಹರಳಿನ ರೂಪದಲ್ಲಿ ಪಡೆದ ವಾರ್ತೆ ಅದು. ಹರಳುಗಟ್ಟಿಸುವುದೆಂದರೆ ಕಬ್ಬಿನ ಹಾಲಿನಿಂದ ಕಲ್ಲುಸಕ್ಕರೆ ತೆಗೆದಂತೆ. ಸಾವಿರ ವಸ್ತುಗಳ ಕಲಬೆರಕೆಯಿಂದ ಒಂದನ್ನು ಶುದ್ಧವಾಗಿ ಬೇರೆ ಮಾಡುವ ಕೆಲಸ. ಆ ಎರಡು ಕಾಳುಗಳಲ್ಲಿ ಒಂದು ಡಬಲ್ ಬೀನ್ಸ್. ಇನ್ನೊಂದು ಯಾವುದು ಬಲ್ಲಿರಾ? ನಮ್ಮ ಅವರೆಕಾಳು!

ಮಾಗಿಯ ಚಳಿಯಲ್ಲಿ ಸೊಗಡಿನ ಅವರೆಗಾಗಿ ಬಾಯಿಬಿಡುವ ಮೈಸೂರು ಸೀಮೆಯವರಿಗೂ, ಅವರಿಕಾಳೆಂದು ಕರೆಯುವ ಧಾರವಾಡ ಕಡೆಯವರಿಗೂ ಇದು ಹೆಮ್ಮೆಯ ಸಂಗತಿಯೆನಿಸಬಹುದು. ಆದರೆ ಹೆಮ್ಮೆಯಲ್ಲಿ ನೆರೆಯವರಿಗೂ ಪಾಲುಂಟು. ನಮ್ಮ ಚಾಳಿನ ಮರಾಠಿ ವಹಿನಿಯವರು ವಾಲ್ ಎಂದು ಕರೆಯುವುದು ಇದೇ ಜಾತಿಯ ಕಾಳು. ನಾವು ಅವರೆಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಸಿಪ್ಪೆಯಿಂದ ಹಿತಕಿ ಹಿತಕಿದಬೇಳೆಯ ಸಾರು ಮಾಡಿದರೆ, ಅವರು ವಾಲನ್ನು ನೆನೆಸಿ ಮೊಳಕೆ ಬರಿಸಿ ಸಿಪ್ಪೆ ಸುಲಿದು ಬಿರ್ಡೆ ಮಾಡುತ್ತಾರೆ. ಭಾಷೆ ಎರಡು, ಮಸಾಲೆ ಎರಡು, ಕಾಳು ಒಂದೇ, ಉಪಾಯವೂ ಒಂದೇ. ಒಂದು ಮನೆತನದ ಮರಾಠಿ ಮಗಳು ಬೆಂಗಳೂರಿನಲ್ಲಿ ಕಾಳಿನ ವಿದ್ಯೆ ಕಲಿತು ಫೋರ್ಟಿನಲ್ಲಿ ಅವರೆಯ ಗುಟ್ಟು ಬಿಡಿಸಿದಳೆಂಬುದು ಈ ಎರಡು ಅಡಿಗೆಮನೆಗಳ ನೆಂಟಸ್ತನಕ್ಕೆ ಒಪ್ಪುವ ಮಾತಾಗಿದೆ.

ಈ ಸಂಶೋಧನೆಯಿಂದ ಗೃಹಿಣಿಯರಿಗೆ ದೊರೆಯುವ ಪಾಠ ಸುಲಭವಾದದ್ದು. ಕಾಳನ್ನು ಚೆನ್ನಾಗಿ ನೆನೆಸಿ, ಮೆತ್ತಗಾಗುವಂತೆ ಬೇಯಿಸಿ ತಿನ್ನಬೇಕು. ನೀರಿನ ಬಿಸಿಗೆ ತಡೆಕಾರಕದ ಬಹುಪಾಲು ಶಕ್ತಿಗುಂದುತ್ತದೆ. ಸಿಪ್ಪೆ ತೆಗೆದರೆ ಒಗರಿನ ಅಂಶವೂ ಹೋಗುತ್ತದೆ. ಅಕ್ಕಿಯಲ್ಲಿ ಕಡಮೆಯಾದ ಲೈಸಿನ್ ಎಂಬ ಅಂಶ ಬೇಳೆಯಲ್ಲಿದೆ; ಬೇಳೆಯಲ್ಲಿ ಕಡಮೆಯಾದ ಮಿಥಿಯೋನಿನ್ ಎಂಬುದು ಅಕ್ಕಿಯಲ್ಲಿದೆ. ಆದುದರಿಂದ ಅನ್ನಕ್ಕೆ ಸಾರು ಕಲಸಿ ಉಣ್ಣುವುದು ಬಡವನ ಅಸಹಾಯತೆಯಲ್ಲ, ಬಲ್ಲವರ ಮೇಳವಣೆ. ಅವರೆಯ ಕಾಯಿಯನ್ನು ಮುಟ್ಟಿದರೆ ಕೈಗೆ ಹತ್ತುವ ಆ ಸೊಗಡಿನ ಮೂಲವನ್ನೂ ೧೯೭೦ರ ದಶಕದ ಕೊನೆಗೆ ರಸಾಯನಜ್ಞರು ಹುಡುಕಿ ತೆಗೆದರು. ಕಾಯಿಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿನಲ್ಲಿರುವ ಡೋಡೆಸಿನೋಯಿಕ್, ಟೆಟ್ರಾಡೆಸಿನೋಯಿಕ್ ಎಂಬ ಮೇದಾಮ್ಲಗಳೇ ಆ ಪರಿಮಳಕ್ಕೆ ಮುಖ್ಯ ಕಾರಣವಂತೆ. ಹೆಸರು ನಾಲಗೆಗೆ ತೊಡಕಾದರೂ ಪದಾರ್ಥ ನಮ್ಮ ನಾಲಗೆಗೆ ಹಳೆಯ ಪರಿಚಯದ್ದು.

ಇನ್ನೊಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕಾಗಿದೆ. ಊರಿನಿಂದ ಪರೇಲಿನ ಆಸ್ಪತ್ರೆಗೆ ಕ್ಯಾನ್ಸರ್ ಚಿಕಿತ್ಸೆಗಾಗಿ ಬರುವ ನೆಂಟರಿಷ್ಟರು ನಮ್ಮ ಅನೇಕರ ಮನೆಗಳಲ್ಲಿ ಇಳಿದುಕೊಳ್ಳುತ್ತಾರೆ. ಅವರೊಡನೆ ಬರುವುದು ಭಯ. ಭಯದ ಹಿಂದೆಯೇ ಬರುವುದು ಇಂಥದನ್ನು ತಿಂದರೆ ಗುಣವಾಗುತ್ತದೆಂಬ ನೂರು ಸುದ್ದಿ. ಕಾಳುಗಳ ತಡೆಕಾರಕಗಳ ವಿಷಯದಲ್ಲಿಯೂ ಇಂಥ ಸುದ್ದಿಯುಂಟು. ಸೋಯಾಕಾಳಿನಲ್ಲಿ ೧೯೪೬ರಲ್ಲಿ ಬೋಮನ್ ಎಂಬವರು ಕಂಡು, ೧೯೬೧ರಲ್ಲಿ ಇಸ್ರೇಲಿನ ವಿದುಷಿ ಯೆಹೂದಿತ್ ಬಿರ್ಕ್ ಶುದ್ಧಗೊಳಿಸಿದ ಇನ್ನೊಂದು ಬಗೆಯ ತಡೆಕಾರಕವು, ಪ್ರಯೋಗಶಾಲೆಯ ಜೀವಕೋಶಗಳಲ್ಲಿಯೂ ಪ್ರಾಣಿಗಳಲ್ಲಿಯೂ ಕೆಲವು ಬಗೆಯ ಕ್ಯಾನ್ಸರಿನ ಬೆಳವಣಿಗೆಯನ್ನು ತಗ್ಗಿಸಿತೆಂಬುದು ನಿಜ. ಅವರೆ, ಹುರುಳಿಗಳಲ್ಲಿಯೂ ಇದರ ದಾಯಾದಿಗಳಿವೆ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಿಂದ ಅದು ಔಷಧವೆಂದು ಸಿದ್ಧವಾಗಿಲ್ಲ. ಅವರೆಕಾಳು ಊಟ, ಮದ್ದಲ್ಲ. ವೈದ್ಯರ ಚಿಕಿತ್ಸೆಯನ್ನು ಬಿಟ್ಟು ಕಾಳಿನ ಹಿಂದೆ ಹೋಗುವವರನ್ನು ಕೈಹಿಡಿದು ನಿಲ್ಲಿಸುವುದು ನಮ್ಮ ಕರ್ತವ್ಯ. ಇಷ್ಟೇ ಗೊತ್ತು, ಇದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂದು ಹೇಳುವ ಧೈರ್ಯವೇ ವಿಜ್ಞಾನದ ಸಂಸ್ಕಾರ.

ಕಮಲಾಬಾಯಿಯವರ ಹೆಸರಿನೊಡನೆ ಸೇರಿರುವ ಮತ್ತೊಂದು ಆಹಾರ ನೀರಾ. ಕರಾವಳಿಯ ನಮ್ಮ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಳೆ, ಈಚಲು, ತೆಂಗಿನ ಮರಗಳಿಂದ ಇಳಿಸುವ ಸಿಹಿಯಾದ ರಸ ಅದು. ಬಿಸಿಲೇರಿದರೆ ಹುಳಿತು ಕಳ್ಳಾಗುತ್ತದೆ. ಮಡಕೆಗೆ ಸುಣ್ಣ ಬಳಿದು, ಹೊತ್ತು ಮೂಡುವ ಮೊದಲೇ ಇಳಿಸಿದರೆ ಸಿಹಿಯಾಗಿಯೇ ಉಳಿಯುತ್ತದೆ. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸಲಹೆಯಂತೆ ಕಮಲಾಬಾಯಿಯವರು ಇದರ ಪೌಷ್ಟಿಕಾಂಶಗಳನ್ನು ಅನೇಕ ವರ್ಷ ಪರಿಶೀಲಿಸಿದರು. ಸಾಕಷ್ಟು ಊಟವಿಲ್ಲದೆ ಸೊರಗಿದ ಆದಿವಾಸಿ ಬಾಲಕರಿಗೂ ಗರ್ಭಿಣಿಯರಿಗೂ ನೀರಾ ಕೊಟ್ಟಾಗ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ಮರವೇರುವವನ ಕಸುಬಿನಲ್ಲಿಯೂ ಶಾಸ್ತ್ರವಿದೆಯೆಂದು ತೋರಿಸಿಕೊಟ್ಟದ್ದು ಆ ಪ್ರಶಸ್ತಿಗಿಂತ ದೊಡ್ಡದು. ಮುಂಬಯಿಗೆ ಹಾಲು ಒದಗಿಸಿದ ಆರೇ ಹಾಲಿನ ಯೋಜನೆಗೂ ಅವರು ಸಲಹೆಗಾರರಾಗಿದ್ದರು. ಹೋಟೆಲಿನ ಕಾಫಿ ಚಹಗಳಲ್ಲಿ ಜೀವನ ಕಂಡ ನಮಗೆ ಅದೂ ಒಂದು ಉಪಕಾರವೇ.

ಇಷ್ಟೆಲ್ಲ ಸಾಧಿಸಿದ ಮೇಲೆ ಬಾಗಿಲುಗಳೆಲ್ಲ ತಾವಾಗಿ ತೆರೆದುವೆಂದು ತಿಳಿಯಬೇಡಿ. ಫೋರ್ಟಿನ ಸಂಸ್ಥೆಯಲ್ಲಿ ನಿರ್ದೇಶಕರ ಪದವಿಗೆ ಸರದಿ ಬಂದಾಗ, ಅದು ಅವರ ಕೈಸೇರುವುದು ನಾಲ್ಕು ವರ್ಷ ತಡವಾಯಿತು. ಹೆಂಗಸೆಂಬ ಭೇದಭಾವವೇ ಇದಕ್ಕೂ ಕಾರಣವೆಂದು ಅವರ ಚರಿತ್ರೆ ಬರೆದವರು ಹೇಳಿದ್ದಾರೆ. ಬೆಂಗಳೂರಿನ ತಪ್ಪನ್ನು ಮುಂಬಯಿ ಮತ್ತೊಮ್ಮೆ ಮಾಡಿತು. ಆದುದರಿಂದ ಯಾವ ಊರೂ ಇನ್ನೊಂದು ಊರಿನ ಕಡೆಗೆ ಬೆರಳು ತೋರಿಸುವಂತಿಲ್ಲ. ಕಡೆಗೆ ಅವರು ನಿರ್ದೇಶಕಿಯಾದಾಗ ಕೇಂಬ್ರಿಜ್ಜಿನ ಹಳೆಯ ಗುರು ರಿಕ್ಟರ್ ಅವರು ಇದೊಂದು ಚಾರಿತ್ರಿಕ ಘಟನೆಯೆಂದು ಮೆಚ್ಚಿಕೊಂಡರು.

ಅವರ ಮುಂದಿನ ಕೆಲಸ ಪ್ರಯೋಗಶಾಲೆಯಿಂದ ಬೀದಿಗೆ ಇಳಿಯಿತು. ೧೯೬೬ರಲ್ಲಿ ಮುಂಬಯಿಯ ಒಂಬತ್ತು ಮಂದಿ ಮಹಿಳೆಯರು ಸೇರಿ ಕನ್ಸೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಬಳಕೆದಾರರ ಸಂಘವನ್ನು ಸ್ಥಾಪಿಸಿದರು. ಕಮಲಾಬಾಯಿಯವರು ಅದರಲ್ಲಿ ದುಡಿದು, ೧೯೮೨-೮೩ರಲ್ಲಿ ಅಧ್ಯಕ್ಷೆಯಾಗಿ, ಅದರ 'ಕೀಮತ್' ಪತ್ರಿಕೆಯಲ್ಲಿ ಬಳಕೆದಾರರ ಹಿತದ ಲೇಖನಗಳನ್ನು ಬರೆದರು. ಆಹಾರದ ಕಲಬೆರಕೆಯನ್ನು ತಡೆಯುವ ಕಾಯಿದೆ ೧೯೫೪ರಲ್ಲಿಯೇ ಬಂದಿತ್ತು; ಈಗ ಅದರ ಸ್ಥಾನದಲ್ಲಿ ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಯಿದೆ. ಆದರೆ ಕಾಯಿದೆಯೊಂದಿದ್ದರೆ ಸಾಲದು, ಕೊಳ್ಳುವವರಿಗೆ ಕಣ್ಣಿರಬೇಕು. ಹಾಲಿಗೆ ಹಿಟ್ಟು ಬೆರಸಿದ್ದರೆ, ಕಾಸಿ ಆರಿಸಿದ ಹಾಲಿಗೆ ಒಂದು ತೊಟ್ಟು ಅಯೋಡೀನ್ ಹಾಕಿದೊಡನೆ ನೀಲಿ ಬಣ್ಣ ತಿರುಗುತ್ತದೆ. ಇಷ್ಟು ತಿಳಿದರೆ ಮನೆಯ ಹೆಣ್ಣುಮಗಳೇ ಪರೀಕ್ಷಕಿಯಾಗುತ್ತಾಳೆ. ಪ್ರಯೋಗಶಾಲೆಯ ಬಾಗಿಲು ಅಡಿಗೆಮನೆಗೆ ತೆರೆಯುವುದೆಂದರೆ ಇದೇ.

೧೯೯೮ರಲ್ಲಿ ದಿಲ್ಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಅವರನ್ನು ಗೌರವಿಸಲು ಸಭೆ ಏರ್ಪಡಿಸಿತ್ತು. ಆ ಸಮಾರಂಭದಲ್ಲಿಯೇ ಕುಸಿದುಬಿದ್ದ ಕಮಲಾಬಾಯಿಯವರು ಸ್ವಲ್ಪ ಕಾಲದಲ್ಲಿಯೇ ತೀರಿಕೊಂಡರು. ಜೀವಮಾನವೆಲ್ಲ ಬಾಗಿಲು ತಟ್ಟಿದವರಿಗೆ ತಡವಾಗಿ ಬಂದ ಸನ್ಮಾನ ಅದು.

ಮಹನೀಯರೇ, ಸೋದರಿಯರೇ, ಈ ಕಥೆಯಿಂದ ನಾವು ಏನನ್ನು ಕಟ್ಟಿಕೊಂಡು ಹೋಗೋಣ? ಕಮಲಾಬಾಯಿ ಸತ್ಯಾಗ್ರಹ ಮಾಡದೆ ಹಿಂದಿರುಗಿದ್ದರೆ ಅವರೆಕಾಳಿನ ಗುಟ್ಟನ್ನು ಮತ್ತೆ ಯಾರಾದರೂ ಬಿಡಿಸುತ್ತಿದ್ದರೇನೋ. ಆದರೆ ಫೋರ್ಟಿನಲ್ಲಿ, ನಮ್ಮ ಜನರ ತಟ್ಟೆಯನ್ನು ಕಣ್ಣಮುಂದಿಟ್ಟುಕೊಂಡು ಬಿಡಿಸುತ್ತಿದ್ದರೆಂದು ಹೇಳಲಾಗದು. ಕನ್ನಡದ ಅಭಿಮಾನವೆಂದರೆ ನಮ್ಮವರ ಹಿರಿಮೆಯನ್ನು ಸಾರುವುದಷ್ಟೇ ಅಲ್ಲ. ನಮ್ಮ ನಾಡಿನ ಬಾಗಿಲಿನಲ್ಲಿ ಯಾರು ಕಾಯುತ್ತ ನಿಂತಿದ್ದರೆಂದು ವಿಚಾರಿಸುವುದೂ ಹೌದು. ಹೊರನಾಡಿನಲ್ಲಿ ಬಾಗಿಲು ತಟ್ಟಿ ಬದುಕಿದ ನಮಗೆ ಅದು ಬೇಗ ತಿಳಿಯಬೇಕು. ನಮ್ಮ ಮನೆಯ ಮಗಳು ಇಷ್ಟು ದೂರ ಓದಬೇಕೆಂದಾಗ, ರಾತ್ರಿಯವರೆಗೂ ಪ್ರಯೋಗಶಾಲೆಯಲ್ಲಿ ಇರಬೇಕೆಂದಾಗ, ನಾವು ಅವಳ ಮುಂದೆ ಯಾವ ಕರಾರುಗಳನ್ನು ಇಡುತ್ತೇವೆ? ಅದನ್ನು ನಾವೇ ಕೇಳಿಕೊಳ್ಳಬೇಕು.

ಮುಂದಿನ ಮಾಗಿಯಲ್ಲಿ ಅವರೆಕಾಳು ಬಂದಾಗ, ರಾತ್ರಿ ನೆನೆಹಾಕಿ ಬೆಳಿಗ್ಗೆ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಹಿತಕುವಾಗ ಈ ಕಥೆಯನ್ನು ಅವರಿಗೆ ಹೇಳಿ. ಬಿಡುವಿನ ಭಾನುವಾರ ಫೋರ್ಟಿಗೆ ಕರೆದುಕೊಂಡು ಹೋಗಿ ಆ ಹಳದಿ ಕಲ್ಲಿನ ಕಟ್ಟಡವನ್ನು ತೋರಿಸಿ. ಅದರ ಬಾಗಿಲು ದೊಡ್ಡದಾಗಿದೆ.